ಪಠ್ಯಪುಸ್ತಕ ಮತ್ತು ಪರದೆ: ಕನ್ನಡ ಶಾಲೆಗಳಲ್ಲಿ ಬೋಧನ ಸಾಮಗ್ರಿ ನಡೆದುಬಂದ ದಾರಿ

ಮಕ್ಕಳ ಶಿಕ್ಷಣದಲ್ಲಿ ಪಠ್ಯಪುಸ್ತಕಕ್ಕೆ ಇನ್ನೆಷ್ಟು ಸ್ಥಾನ ಉಳಿದಿದೆ, ಮೊಬೈಲ್ ಮತ್ತು ಗಣಕಯಂತ್ರದ ಮೂಲಕ ಬರುವ ಸಾಮಗ್ರಿಗೆ ಎಷ್ಟು ಸ್ಥಾನ ಕೊಡಬೇಕು ಎಂಬ ಪ್ರಶ್ನೆಯನ್ನು ಸದ್ಭಕ್ತರು ನಮ್ಮಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಪುಸ್ತಕದ ಕಾಲ ಮುಗಿಯಿತೆಂದು ಕೆಲವರು ಹೇಳಿದರೆ, ಪರದೆಯೇ ಎಲ್ಲ ಕೇಡಿಗೂ ಮೂಲವೆಂದು ಮತ್ತೆ ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳನ್ನೂ ಪಕ್ಕಕ್ಕಿರಿಸಿ, ನಮ್ಮ ನಾಡಿನ ಶಾಲೆಗಳಲ್ಲಿ ಬೋಧನ ಸಾಮಗ್ರಿ ಹೇಗೆ ಬದಲಾಗುತ್ತ ಬಂದಿದೆ ಎಂಬುದನ್ನು ಮೊದಲು ತಿಳಿಯುವುದು ಒಳಿತು. ಆ ಇತಿಹಾಸ ತಿಳಿದರೆ, ಇಂದು ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬರಮಾಡಿಕೊಳ್ಳಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಪುಸ್ತಕಕ್ಕೂ ಮುನ್ನ

ಮುದ್ರಿತ ಪುಸ್ತಕ ಬರುವ ಮೊದಲು ಹಳ್ಳಿಗಳಲ್ಲಿ ವಿದ್ಯೆ ನಡೆಯುತ್ತಿದ್ದುದು ಕೂಲಿಮಠಗಳಲ್ಲಿ. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮುಂದೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಮಡಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿತ್ತು. ಮಗ್ಗಿಯನ್ನು ಬಾಯಿಪಾಠ ಮಾಡಲಾಗುತ್ತಿತ್ತು. ಕಾವ್ಯವನ್ನು ಅಯ್ಯನವರು ಓದಿ ಹೇಳಿದಂತೆ ಮಕ್ಕಳು ಒಪ್ಪಿಸುತ್ತಿದ್ದರು. ಓಲೆಗರಿಯ ಕಟ್ಟು ಎಲ್ಲರ ಕೈಗೆ ಸಿಗುವ ವಸ್ತುವಾಗಿರಲಿಲ್ಲ. ಅಂದು ಗುರುವೇ ಗ್ರಂಥ. ಗುರುವಿಗೆ ತಿಳಿದಷ್ಟು ಶಿಷ್ಯನಿಗೆ ದೊರೆಯುತ್ತಿತ್ತು, ಗುರು ತಪ್ಪಿದರೆ ತಿದ್ದಲು ಬೇರೊಂದು ಆಧಾರವಿರಲಿಲ್ಲ. ಆ ಪದ್ಧತಿಯಲ್ಲಿ ನೆನಪಿನ ಶಕ್ತಿ ಬೆಳೆಯಿತು. ಆದರೆ ಆ ಮಠದ ಬಾಗಿಲು ಎಲ್ಲ ಕುಲದ ಮಕ್ಕಳಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಬಹುಮಟ್ಟಿಗೆ ಮುಚ್ಚಿಯೇ ಇತ್ತು ಎಂಬುದನ್ನೂ ಮರೆಯಲಾಗದು.

ಅಚ್ಚಿನ ಯುಗ

1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. ಶಾಲಾ ಪುಸ್ತಕಗಳನ್ನು ಕನ್ನಡದಲ್ಲಿ ಅಚ್ಚುಮಾಡಿ ಹಂಚಿದ ಮೊದಲ ಕೇಂದ್ರಗಳಲ್ಲಿ ಅದೂ ಒಂದು. ಮುಂಬಯಿ ಆಡಳಿತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಮೇಲುಗೈ ಪಡೆದಿದ್ದ ಕಾಲದಲ್ಲಿ, ಧಾರವಾಡದ ಶಿಕ್ಷಣಾಧಿಕಾರಿಗಳಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವನ್ನು ಆ ಭಾಗದ ಜನ ಇಂದಿಗೂ ಸ್ಮರಿಸುತ್ತಾರೆ.

ಅಚ್ಚಿನಿಂದ ಆದ ಬದಲಾವಣೆ ಸಣ್ಣದಲ್ಲ. ಬೀದರದ ಮಗುವೂ ಕೊಳ್ಳೇಗಾಲದ ಮಗುವೂ ಒಂದೇ ಪುಟದ ಒಂದೇ ಸಾಲನ್ನು ಓದುವುದು ಸಾಧ್ಯವಾಯಿತು. ಗುರು ಹೇಳಿದ ಮಾತನ್ನು ಪುಸ್ತಕದೊಡನೆ ಹೋಲಿಸಿ ನೋಡುವ ಅವಕಾಶ ಶಿಷ್ಯನಿಗೆ ದೊರೆಯಿತು. ಒಂದು ಪುಸ್ತಕ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ಸಾಗಿತು. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಓದಿದ ಹಿಂದಿನ ತಲೆಮಾರಿನವರಿಗೆ ಒಂದೇ ಪುಸ್ತಕವನ್ನು ನಾಲ್ವರು ಸುತ್ತ ಕುಳಿತು ಓದಿದ ನೆನಪು ಇದ್ದೇ ಇದೆ.

ಅಚ್ಚಿನ ಬೆಲೆಯನ್ನು ವಚನ ಸಾಹಿತ್ಯದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ. ಓಲೆಗರಿಯ ಕಟ್ಟುಗಳಲ್ಲಿ ಮನೆ ಮನೆಗಳ ಜಂತಿಯಡಿ ಉಳಿದಿದ್ದ ವಚನಗಳನ್ನು ಡಾ. ಫ.ಗು. ಹಳಕಟ್ಟಿಯವರು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತಂದರು. ಅನಂತರ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆಯೇ ವಚನಗಳು ಶಾಲಾ ಪಠ್ಯಗಳಲ್ಲಿ ಗಟ್ಟಿಯಾದ ಸ್ಥಾನ ಪಡೆಯಲು ದಾರಿಯಾಯಿತು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಆ ಕಾಯಕವನ್ನು ಪೂರ್ಣತೆಯತ್ತ ಒಯ್ದವು.

ಪುಸ್ತಕವೇ ಗಡಿಯಾದಾಗ

ಕಾಲ ಕಳೆದಂತೆ ಪುಸ್ತಕಕ್ಕೆ ಅದರ ಯೋಗ್ಯತೆಗೂ ಮೀರಿದ ಅಧಿಕಾರ ಬಂದಿತು. ಪುಸ್ತಕದಲ್ಲಿದ್ದಷ್ಟೇ ಪಾಠ, ಪಾಠದಲ್ಲಿದ್ದಷ್ಟೇ ಪರೀಕ್ಷೆ ಎಂಬಂತಾಯಿತು. ಪ್ರಶ್ನೋತ್ತರವನ್ನು ಉರುಹೊಡೆಯುವುದೇ ಓದು ಎನಿಸಿತು. ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿ 1993ರಲ್ಲಿ ಸಲ್ಲಿಸಿದ ವರದಿ, ಮಗುವಿನ ಬೆನ್ನಿನ ಮೇಲಿನ ಚೀಲದ ಭಾರಕ್ಕಿಂತ ಅರ್ಥವಾಗದೆ ಕಲಿಯುವ ಭಾರವೇ ಹೆಚ್ಚಿನದೆಂದು ಎಚ್ಚರಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲಿಕೆ ಪಠ್ಯಪುಸ್ತಕದಾಚೆಗೆ ಹರಡಬೇಕು, ಶಾಲೆಯ ಹೊರಗಿನ ಬದುಕಿನೊಡನೆ ಬೆಸೆಯಬೇಕು ಎಂಬುದನ್ನು ತನ್ನ ಮೂಲ ತತ್ತ್ವಗಳಲ್ಲಿ ಸೇರಿಸಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಪಠ್ಯಪುಸ್ತಕವನ್ನು ಅದರ ಸಿಂಹಾಸನದಿಂದ ಇಳಿಸಿದ್ದು ಮೊದಲಿಗೆ ಗಣಕಯಂತ್ರವಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿ, ಕಿರಿಯ ತರಗತಿಗಳಲ್ಲಿ ಪುಸ್ತಕದ ಬದಲಿಗೆ ಕಲಿಕಾ ಕಾರ್ಡುಗಳನ್ನೂ ಏಣಿಯಂತಹ ಮೈಲಿಗಲ್ಲುಗಳನ್ನೂ ತಂದಿತು. ಮಗು ತನ್ನ ವೇಗದಲ್ಲಿ ಮೆಟ್ಟಿಲೇರಲು ಅವಕಾಶ ದೊರೆಯಿತು. ರಟ್ಟು, ಬಣ್ಣ, ಹಾಡು, ಬೀಜ, ಕಡ್ಡಿಗಳೇ ಅಲ್ಲಿಯ ಸಾಧನಗಳು. ಅದನ್ನು ರೂಪಿಸುವಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರೇ ಕೈಜೋಡಿಸಿದರು. ಹೊಸತನ ಬರುವುದು ಯಂತ್ರದಿಂದ ಎಂದು ನಂಬುವವರು ಈ ಉದಾಹರಣೆಯನ್ನು ನೆನಪಿಡಬೇಕು.

ಪರದೆಯ ಆಗಮನ

ಪರದೆ ಕನ್ನಡ ಶಾಲೆಗೆ ಬಂದದ್ದು ಸ್ಮಾರ್ಟ್‌ಫೋನಿನ ಕಾಲದಲ್ಲಿ ಎಂಬುದು ಸಾಮಾನ್ಯ ಗ್ರಹಿಕೆ. ಆದರೆ 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ದೂರದರ್ಶನ ಶಿಕ್ಷಣದ ಪ್ರಯೋಗ ನಡೆಯಿತು. ನಮ್ಮ ನಾಡಿನ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ವರ್ಷ ತುಂಬಿದ ಮೇಲೆ ಆ ಉಪಗ್ರಹ ಬೇರೆಡೆಗೆ ಸರಿಯಿತು. 2004ರಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ತಲುಪಿಸಿತು. ಅದರ ಆಯುಷ್ಯವೂ 2010ರಲ್ಲಿ ಮುಗಿಯಿತು. ಆಕಾಶವಾಣಿಯ 'ಕೇಳಿ ಕಲಿ' ಪಾಠಗಳನ್ನು ಕೇಳಿ ಬೆಳೆದ ಮಕ್ಕಳೂ ಬಹಳ.

ಅಂತರ್ಜಾಲದ ಕಾಲದಲ್ಲಿ ಸಾಮಗ್ರಿಯ ಸ್ವರೂಪವೇ ಬದಲಾಯಿತು. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇರಿಸಿದೆ. 2017ರ ಶಿಕ್ಷಕರ ದಿನದಂದು ಲೋಕಾರ್ಪಣೆಗೊಂಡ ಕೇಂದ್ರ ಸರ್ಕಾರದ 'ದೀಕ್ಷಾ' ವೇದಿಕೆ ಪುಸ್ತಕದ ಪುಟವನ್ನೂ ಪರದೆಯನ್ನೂ ಬೆಸೆಯಿತು. ಪಾಠದ ಬದಿಯಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಹಿಡಿದರೆ ಅದೇ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಶಿಕ್ಷಕರೇ ಬರೆದು, ತಿದ್ದಿ, ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ', ಸರ್ಕಾರದ 'ಕಣಜ', 2003ರಿಂದ ಬೆಳೆಯುತ್ತಿರುವ ಕನ್ನಡ ವಿಕಿಪೀಡಿಯ ಇವೆಲ್ಲ ಕನ್ನಡದ ಮಗುವಿಗೆ ದೊರೆಯುವ ಭಂಡಾರಗಳು.

ಯಾವುದರಿಂದ ಏನು ಸಾಧ್ಯ

ಪುಸ್ತಕ ಮತ್ತು ಪರದೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು ಎಂಬುದಕ್ಕೆ ಗಣಿತದಿಂದ ಒಂದು ಉದಾಹರಣೆ ಕೊಡಬಹುದು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಪುಸ್ತಕ ಹೇಳುತ್ತದೆ, ಒಂದು ಚಿತ್ರವನ್ನೂ ಕೊಡುತ್ತದೆ. ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಮಗು ತ್ರಿಭುಜದ ತುದಿಯೊಂದನ್ನು ಹಿಡಿದು ಎಳೆದರೆ ಆಕಾರ ಬದಲಾಗುತ್ತದೆ, ಕೋನಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಮೊತ್ತ ಮಾತ್ರ ಕದಲುವುದಿಲ್ಲ. ಪುಸ್ತಕ ತೋರಲಾರದ ನೂರು ತ್ರಿಭುಜಗಳನ್ನು ಪರದೆ ಕ್ಷಣಾರ್ಧದಲ್ಲಿ ತೋರಿತು. ಆದರೆ ಮೊತ್ತ ಏಕೆ ಕದಲುವುದಿಲ್ಲ? ಅದಕ್ಕೆ ಉತ್ತರ ಬೇಕಾದರೆ ಒಂದು ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ ಎಳೆದು, ಪರ್ಯಾಯ ಕೋನಗಳನ್ನು ಗುರುತಿಸಿ, ಹೆಜ್ಜೆ ಹೆಜ್ಜೆಯಾಗಿ ಸಾಧಿಸಬೇಕು. ಆ ಕೆಲಸ ನಡೆಯುವುದು ಪುಸ್ತಕ, ಪೆನ್ಸಿಲ್ ಮತ್ತು ಗುರುವಿನ ಪ್ರಶ್ನೆಗಳ ನಡುವೆ. ಕಂಡದ್ದನ್ನೇ ತಿಳಿದದ್ದೆಂದು ಭಾವಿಸುವುದು ಪರದೆಯ ಕಲಿಕೆಯಲ್ಲಿ ಅಡಗಿರುವ ಅಪಾಯ.

ಎರಡನೆಯ ಉದಾಹರಣೆ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. 'ವಚನ ಸಂಚಯ' ಎಂಬ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. 'ಕಾಯಕ' ಎಂಬ ಪದ ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆ ಎಂದು ತಿಳಿಯಲು ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಪುಟ ತಿರುವಬೇಕಿತ್ತು. ಇಂದು ಪ್ರೌಢಶಾಲೆಯ ವಿದ್ಯಾರ್ಥಿನಿ ನಿಮಿಷದಲ್ಲಿ ಹುಡುಕುತ್ತಾಳೆ. ಇದು ನಿಜವಾದ ಜ್ಞಾನ ದಾಸೋಹ. ಇನ್ನೊಂದು ಕಡೆ, ಅದೇ ಮೊಬೈಲಿನಲ್ಲಿ ದಿನಬೆಳಗಾದರೆ ಬಸವಣ್ಣನವರ ಚಿತ್ರದ ಕೆಳಗೆ ಅವರದಲ್ಲದ ಮಾತುಗಳು ಹರಿದಾಡುತ್ತವೆ. ಸಾಲುಗಳು ಬಿಟ್ಟುಹೋಗಿರುತ್ತವೆ, ಅಂಕಿತ ಬದಲಾಗಿರುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಯಾರವೆಂದು ತಿಳಿಯದ ಮಗು ಬಂದುದನ್ನೆಲ್ಲ ನಂಬಿ ಭಾಷಣ ಸ್ಪರ್ಧೆಯಲ್ಲಿ ಒಪ್ಪಿಸುತ್ತದೆ. ಸಂಪಾದಿತ ಗ್ರಂಥದ ಹಿಂದೆ ಪಾಠಾಂತರಗಳನ್ನು ಹೋಲಿಸಿ ನೋಡಿದ ಸಂಪಾದಕರ ಹೊಣೆಗಾರಿಕೆ ಇರುತ್ತದೆ. ಹೆಸರಿಲ್ಲದೆ ಹರಿದುಬರುವ ಸಂದೇಶದ ಹಿಂದೆ ಯಾರ ಹೊಣೆಯೂ ಇರುವುದಿಲ್ಲ.

ಶಿಕ್ಷಕರ ಕಾಯಕ ಬದಲಾಗಿರುವುದು ಇಲ್ಲಿಯೇ. ಪಠ್ಯ ವಿರಳವಾಗಿದ್ದಾಗ ಅದನ್ನು ಮಗುವಿಗೆ ತಲುಪಿಸುವುದು ಗುರುವಿನ ಮೊದಲ ಕರ್ತವ್ಯವಾಗಿತ್ತು. ಪಠ್ಯ ಹೊಳೆಯಂತೆ ಹರಿಯುವ ಇಂದು, ಯಾವುದು ಪ್ರಮಾಣ, ಯಾವುದು ಅಲ್ಲ ಎಂದು ವಿವೇಚಿಸುವುದನ್ನು ಕಲಿಸುವುದೇ ಅವರ ಮೊದಲ ಕರ್ತವ್ಯ. ಪಠ್ಯಪುಸ್ತಕದ ಪಾತ್ರವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಅದು ಜ್ಞಾನದ ಗಡಿಯಾಗಿರದೆ ನೆಲೆಗಟ್ಟಾಗಿರಬೇಕು. ಅಲ್ಲಿ ನಿಂತು ಮಗು ಉಳಿದುದನ್ನು ಅಳೆದು ನೋಡುವಂತಿರಬೇಕು.

ಮೊಬೈಲ್ ಇಲ್ಲದ ಮಗು

ಈ ಬದಲಾವಣೆಯಲ್ಲಿ ಹಿಂದುಳಿದು ನಿಲ್ಲುವವರು ಯಾರು ಎಂಬುದೇ ನಮ್ಮನ್ನು ಹೆಚ್ಚು ಕಾಡಬೇಕಾದ ಪ್ರಶ್ನೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ಸರ್ಕಾರ ರೂಪಿಸಿದ 'ವಿದ್ಯಾಗಮ' ಯೋಜನೆ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಬೇಕಾಯಿತು: ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಇದ್ದವರು, ಅಂತರ್ಜಾಲ ಸಹಿತ ಸ್ಮಾರ್ಟ್‌ಫೋನ್ ಇದ್ದವರು. ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅಲ್ಲಿ ಮಗುವಿನ ಕೈಯಲ್ಲಿದ್ದುದು ಪುಸ್ತಕವೇ.

ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ, ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಶಾಲಾ ಮಕ್ಕಳ ಪ್ರಮಾಣ 2018ರಲ್ಲಿ ಶೇ. 36.5 ಇದ್ದುದು 2021ರಲ್ಲಿ ಶೇ. 67.6ಕ್ಕೆ ಏರಿತು. ಏರಿಕೆ ದೊಡ್ಡದೇ. ಆದರೆ ಹಾಗೆ ಫೋನ್ ಇದ್ದ ಮನೆಗಳ ಮಕ್ಕಳಲ್ಲಿಯೂ ಸುಮಾರು ಕಾಲು ಭಾಗಕ್ಕೆ ಅದು ಕಲಿಕೆಗೆ ದೊರೆಯುತ್ತಿರಲಿಲ್ಲ. ಮನೆಗೊಂದೇ ಫೋನ್ ಇದ್ದರೆ ಅದು ದುಡಿಯಲು ಹೋಗುವವರ ಜೇಬಿನಲ್ಲಿರುತ್ತದೆ. ಮನೆಯೊಳಗೆ ಉಳಿದಾಗ ಮೊದಲು ಯಾರ ಕೈಗೆ, ಮಗನಿಗೋ ಮಗಳಿಗೋ ಎಂಬ ಪ್ರಶ್ನೆ ಏಳುತ್ತದೆ. ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಶರಣರ ಪರಂಪರೆಯವರು ಈ ಪ್ರಶ್ನೆಗೆ ತಮ್ಮ ತಮ್ಮ ಮನೆಗಳಲ್ಲಿಯೇ ಉತ್ತರ ಕಂಡುಕೊಳ್ಳಬೇಕು.

ಭಾಷೆಯ ತೊಡಕೂ ಒಂದುಂಟು. ಇಂಗ್ಲಿಷಿನಲ್ಲಿ ಒಂದು ವಿಷಯಕ್ಕೆ ನೂರು ವಿಡಿಯೊಗಳು ಸಿಕ್ಕರೆ ಕನ್ನಡದಲ್ಲಿ ಬೆರಳೆಣಿಕೆಯಷ್ಟು ಸಿಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧವಾದ ಅನೇಕ ಕನ್ನಡ ಕಡತಗಳು ಕಣ್ಣಿಗೆ ಅಂದವಾಗಿ ಕಂಡರೂ ಅವುಗಳೊಳಗೆ ಪದ ಹುಡುಕಲು ಬರುವುದಿಲ್ಲ. ದೃಷ್ಟಿ ಇಲ್ಲದ ಮಕ್ಕಳಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅವು ಅರ್ಥವಾಗುವುದಿಲ್ಲ. ಕನ್ನಡದ ಗ್ರಂಥಗಳನ್ನು ಅಂತರ್ಜಾಲಕ್ಕೆ ಏರಿಸುವ ಪ್ರತಿಯೊಂದು ಸಂಸ್ಥೆಯೂ, ಮಠಗಳೂ ಸೇರಿದಂತೆ, ಯೂನಿಕೋಡಿನಲ್ಲಿಯೇ ಏರಿಸುವುದು ಅಗತ್ಯ.

ಇನ್ನು ಬಾಳಿಕೆಯ ಮಾತು. ಉಪಗ್ರಹ ಸರಿಯಿತು, ಮತ್ತೊಂದರ ಆಯುಷ್ಯ ಮುಗಿಯಿತು; ಇಂದಿನ ಜಾಲತಾಣಗಳಿಗೂ ಅದೇ ನಿಯಮ. ಕೊಂಡಿ ಕಡಿದರೆ ಪುಟದ ಮೇಲಿನ ಕ್ಯೂಆರ್ ಕೋಡ್ ಬರಿಯ ಕಪ್ಪು ಚೌಕವಾಗಿ ಉಳಿಯುತ್ತದೆ. ಶಾಲೆಗಳಲ್ಲಿ ಡಿಜಿಟಲ್ ಸಾಧನಗಳನ್ನು ಬಹು ಮುಂಚೆ ಅಳವಡಿಸಿಕೊಂಡ ಸ್ವೀಡನ್ ದೇಶವೇ 2023ರಲ್ಲಿ ಮುದ್ರಿತ ಪುಸ್ತಕಗಳಿಗಾಗಿ ಮತ್ತೆ ಹಣ ಮೀಸಲಿಟ್ಟಿತು. ಅದೇ ವರ್ಷ ಯುನೆಸ್ಕೊ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ, ತಂತ್ರಜ್ಞಾನ ಶಿಕ್ಷಕರ ಸ್ಥಾನವನ್ನು ಆಕ್ರಮಿಸದೆ ಅವರಿಗೆ ನೆರವಾಗುವಂತಿರಬೇಕೆಂದು ಒತ್ತಿಹೇಳಿತು.

ನಾವು ಮಾಡಬಹುದಾದುದು

ಪೋಷಕರು ಮಗುವಿನೊಡನೆ ದಿನಕ್ಕೆ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿಸಬೇಕು. ಮೊಬೈಲಿನಲ್ಲಿ ಪಾಠ ನೋಡಿದ ಮೇಲೆ ನೋಡಿದುದನ್ನು ಮಗುವಿನ ಬಾಯಿಂದಲೇ ಹೇಳಿಸಬೇಕು. ಹೇಳಲು ಬಂದರೆ ತಿಳಿದಿದೆ ಎಂದರ್ಥ. ಶಿಕ್ಷಕರು ಪರದೆಯ ಸಾಮಗ್ರಿಯನ್ನು ತಾವು ಮೊದಲು ಪೂರ್ತಿಯಾಗಿ ನೋಡಿ, ಪಾಠಕ್ಕೆ ಬೇಕಾದಷ್ಟನ್ನೇ ಆರಿಸಿ ತೋರಿಸುವುದು ಲೇಸು. ವಚನವೊಂದನ್ನು ಮಗು ಅಂತರ್ಜಾಲದಿಂದ ತಂದರೆ, ಅಂಕಿತವನ್ನು ನೋಡಿ, ಮುದ್ರಿತ ಸಂಪುಟದೊಡನೆ ಹೋಲಿಸಿ ನೋಡುವ ಅಭ್ಯಾಸವನ್ನು ಆ ಮಗುವಿಗೇ ಮಾಡಿಸಬೇಕು. ಪ್ರಸಾದ ನಿಲಯಗಳನ್ನು ನಡೆಸುವವರು ಪುಸ್ತಕದ ಕಪಾಟಿನ ಪಕ್ಕದಲ್ಲಿಯೇ ಒಂದೆರಡು ಗಣಕಯಂತ್ರಗಳನ್ನಿರಿಸಿ, ಎಲ್ಲ ಮಕ್ಕಳಿಗೂ ಸರದಿಯಂತೆ, ಹಿರಿಯರ ಕಣ್ಣೆದುರಿನಲ್ಲಿ ಬಳಸಲು ಕೊಡುವುದು ಉಚಿತ. ಹಳೆಯ ವಿದ್ಯಾರ್ಥಿಗಳು ಊರಿನ ಶಾಲೆಗೆ ಕಾಣಿಕೆ ಕೊಡುವಾಗ ಯಂತ್ರವೊಂದನ್ನೇ ಕೊಡದೆ, ಅದರ ದುರಸ್ತಿಗೂ ಗ್ರಂಥಾಲಯದ ಪುಸ್ತಕಗಳಿಗೂ ಒಂದು ಪಾಲನ್ನು ತೆಗೆದಿಡಲಿ.

ಮರಳು ಹೋಗಿ ಕಡತ ಬಂದಿತು, ಕಡತ ಹೋಗಿ ಪಾಟಿ ಬಂದಿತು, ಪಾಟಿಯ ಜೊತೆಗೆ ಪುಸ್ತಕ, ಪುಸ್ತಕದ ಜೊತೆಗೆ ಈಗ ಪರದೆ. ಅಕ್ಷರ ದಾಸೋಹದ ಪಂಕ್ತಿಯಲ್ಲಿ ಕೊನೆಗೆ ಕುಳಿತ ಮಗುವಿಗೂ ಇವೆಲ್ಲದರ ಪಾಲು ಸಮನಾಗಿ ಮುಟ್ಟುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ ಎಂದು ಸದ್ಭಕ್ತರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.