ಕೈಗುಣ, ಪದವಿ ಮತ್ತು ದಂಡ: ಕಡೂರು ಸೀಮೆಯ ವೈದ್ಯವೃತ್ತಿಯ ಒಂದು ಎಳೆ

ಪದವಿಯಿಲ್ಲದೆ ವೈದ್ಯ ಮಾಡುವುದು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಬಹುಕಾಲ ಅಪರಾಧವೇ ಆಗಿರಲಿಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆ ಎಂದು ಕರೆಯುತ್ತಿದ್ದ ದಿನಗಳಲ್ಲಿ ಊರಿನ ಕಾಯಿಲೆ ಕಸಾಲೆಯನ್ನು ನೋಡಿಕೊಳ್ಳುತ್ತಿದ್ದವರು ಮೂಳೆ ಕಟ್ಟುವವರು, ಕಾಮಾಲೆಗೆ ಸೊಪ್ಪಿನ ರಸ ಕೊಡುವವರು, ಸೂಲಗಿತ್ತಿಯರು. ಅವರ ಅರ್ಹತೆಯನ್ನು ಜನ ಅಳೆಯುತ್ತಿದ್ದುದು ಒಂದೇ ಮಾತಿನಿಂದ: ಕೈಗುಣ. ಕೈಗುಣ ಚೆನ್ನಾಗಿಲ್ಲದವನ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಅವನಿಗೆ ಅದೇ ಶಿಕ್ಷೆ.

ಕಾನೂನು ಈ ಕ್ಷೇತ್ರಕ್ಕೆ ತಡವಾಗಿ ಬಂತು, ಬಂದಾಗಲೂ ಮೃದುವಾಗಿಯೇ ಬಂತು. ಬ್ರಿಟಿಷ್ ಇಂಡಿಯಾದ 1916ರ ವೈದ್ಯಕೀಯ ಪದವಿಗಳ ಕಾಯ್ದೆ ಸುಳ್ಳು ಪದವಿ ಹಚ್ಚಿಕೊಂಡವನಿಗೆ ಮೊದಲ ಸಲ ವಿಧಿಸುತ್ತಿದ್ದುದು ಹೆಚ್ಚೆಂದರೆ 250 ರೂಪಾಯಿ ದಂಡ. ಚಿಕಿತ್ಸೆ ಕೊಟ್ಟಿದ್ದಕ್ಕಲ್ಲ, ಬಿರುದು ಕದ್ದಿದ್ದಕ್ಕೆ. ಮೈಸೂರು ಸಂಸ್ಥಾನ 1931ರಲ್ಲಿ ತನ್ನದೇ ನೋಂದಣಿ ಕಾಯ್ದೆ ತಂದಿತು. ಆದರೆ ಡಾಕ್ಟರುಗಳೇ ಇಲ್ಲದ ಕಡೆ ಪದವಿಯಿಲ್ಲದವರನ್ನು ಹೊರಗಿಡುವುದು ಹೇಗೆ? 1946ರ ಭೋರ್ ಸಮಿತಿಯ ಲೆಕ್ಕದಂತೆ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ. ಅವರಲ್ಲೂ ಹೆಚ್ಚಿನವರು ಇದ್ದದ್ದು ಪಟ್ಟಣಗಳಲ್ಲಿ.

ಈ ಕೊರತೆಯ ನೆರಳು ಸ್ವಾತಂತ್ರ್ಯಾನಂತರದ ಕಾಯ್ದೆಗಳ ಮೇಲೂ ಬಿತ್ತು. 1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಯ 15ನೇ ಕಲಮಿನಲ್ಲಿ ನೋಂದಣಿಯಿಲ್ಲದೆ ಚಿಕಿತ್ಸೆ ನೀಡುವವರಿಗೆ ಇದ್ದ ಶಿಕ್ಷೆ ಗರಿಷ್ಠ ಒಂದು ವರ್ಷ ಸಜೆ, ಇಲ್ಲವೇ 1,000 ರೂಪಾಯಿ ದಂಡ, ಅಥವಾ ಎರಡೂ. ಭಾರತೀಯ ವೈದ್ಯಪದ್ಧತಿಗಳ 1970ರ ಕಾಯ್ದೆಯಲ್ಲೂ ಅದೇ ಅಳತೆ. ಆ ಕಾಯ್ದೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿತು: ರಾಜ್ಯದಲ್ಲಿ ನೋಂದಣಿ ಪಟ್ಟಿ ಇರದಿದ್ದ ಕಡೆ, ಆಗಲೇ ಐದು ವರ್ಷ ವೈದ್ಯ ಮಾಡಿದ್ದವರ ಹಕ್ಕು ಉಳಿಯಿತು. ಅನುಭವಕ್ಕೆ ಕೊಟ್ಟ ಈ ಮನ್ನಣೆ ಆ ಕಾಲಕ್ಕೆ ನ್ಯಾಯವೇ ಆಗಿತ್ತು.

ಬದಲಾದದ್ದು ವೈದ್ಯನ ಕೈಯಲ್ಲಿದ್ದ ಸಾಮಾನು. ನಾಟಿ ವೈದ್ಯ ಬೇರು ತೇಯುತ್ತಿದ್ದ. ಅವನ ಜಾಗಕ್ಕೆ ಬಂದವನು ಯಾವುದೋ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು, ಸೂಜಿ ಚುಚ್ಚುವುದನ್ನು ನೋಡಿ ಕಲಿತವನು. ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆ, ಹಸಿರು ಪರದೆ, ಗೋಡೆಯ ಮೊಳೆಗೆ ತೂಗುಬಿಟ್ಟ ಗ್ಲೂಕೋಸ್ ಬಾಟಲಿ, ಸ್ಟೀಲ್ ತಟ್ಟೆಯಲ್ಲಿ ಸ್ಟೀರಾಯ್ಡ್ ಮತ್ತು ಆಂಟಿಬಯೋಟಿಕ್ ಸೀಸೆಗಳು. ಅಡಿಕೆ ತೋಟದ ಕೂಲಿಗೆ ಒಂದು ದಿನದ ದುಡಿಮೆ ತಪ್ಪಬಾರದು. ಒಂದು ಸೂಜಿಗೆ ಮೈಕೈ ನೋವು ಇಳಿದರೆ ಅವನ ಪಾಲಿಗೆ ಆತ ದೊಡ್ಡ ಡಾಕ್ಟರೇ. ಬೇರಿನ ತಪ್ಪಿಗೂ ಸ್ಟೀರಾಯ್ಡಿನ ತಪ್ಪಿಗೂ ಇರುವ ಅಂತರವನ್ನು ಮಾತ್ರ ಶಿಕ್ಷೆಯ ಪಟ್ಟಿ ಗುರುತಿಸಲೇ ಇಲ್ಲ.

ಸಾವು ಸಂಭವಿಸಿದಾಗಲೂ ದಂಡಸಂಹಿತೆಯ ಮಿತಿ ಕಡಿಮೆಯೇ ಇತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಜಗ್ಗನ್‌ಖಾನ್ ಪ್ರಕರಣದಲ್ಲಿ, ಮಧ್ಯಪ್ರದೇಶದ ಹೋಮಿಯೋಪಥಿ ಚಿಕಿತ್ಸಕನೊಬ್ಬ ನಾರುಹುಣ್ಣಿಗೆಂದು ದತ್ತೂರಿ ಎಲೆ ಮತ್ತು ಸ್ಟ್ರಾಮೋನಿಯಂ ಕೊಟ್ಟು ಮಹಿಳೆಯೊಬ್ಬಳು ಸತ್ತಿದ್ದಳು. ಕೊಲೆಯ ಅಪರಾಧ ಬಿದ್ದುಹೋಗಿ, ನಿರ್ಲಕ್ಷ್ಯದ ಸಾವಿನ 304ಎ ಕಲಮಿನಡಿ ಉಳಿದದ್ದು ಎರಡು ವರ್ಷ. ಆ ಕಲಮಿನ ಗರಿಷ್ಠವೂ ಅಷ್ಟೇ. 1996ರ ಪೂನಂ ವರ್ಮಾ ತೀರ್ಪಿನಲ್ಲಿ ಅದೇ ನ್ಯಾಯಾಲಯ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವನು ನಕಲಿ ವೈದ್ಯನೇ ಎಂದು ಸ್ಪಷ್ಟಪಡಿಸಿ 3 ಲಕ್ಷ ರೂಪಾಯಿ ಪರಿಹಾರ ವಿಧಿಸಿತು.

ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನೋಂದಣಿಯಿಲ್ಲದ ಚಿಕಿತ್ಸಾಲಯಕ್ಕೆ ಮೂರು ವರ್ಷದವರೆಗೆ ಸಜೆ ಇಟ್ಟಿತು. ಆದರೆ ಗರಿಷ್ಠ ಶಿಕ್ಷೆ ಪುಸ್ತಕದ್ದು. ವಿಧಿಸುವ ಶಿಕ್ಷೆ ಬೇರೆ. ಮೊದಲ ಅಪರಾಧ, ಇಳಿವಯಸ್ಸು, ಅವಲಂಬಿತ ಕುಟುಂಬ, ಯಾರಿಗೂ ಹಾನಿಯಾದ ಪುರಾವೆ ಇಲ್ಲದಿರುವುದು: ಇಂಥ ಕಾರಣಗಳನ್ನು ಪರಿಗಣಿಸಲು ನ್ಯಾಯಾಧೀಶರಿಗೆ ಅವಕಾಶವಿದೆ. 1958ರ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲೂಬಹುದು. ಇನ್ನೊಂದು ತೊಡಕು ಅಧಿಕಾರದ್ದು. ತಾಲ್ಲೂಕಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ 10,000 ರೂಪಾಯಿಗಿಂತ ಹೆಚ್ಚು ದಂಡ ಹಾಕುವಂತಿರಲಿಲ್ಲ. ಹೊಸ ಸಂಹಿತೆಯಲ್ಲಿ ಆ ಮಿತಿ 50,000. ಹೀಗಾಗಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 5 ಲಕ್ಷದ ದಂಡ ತಾಲ್ಲೂಕು ಕೋರ್ಟಿನ ಕೈಗೆ ಎಟುಕುವುದಿಲ್ಲ.

ಕ್ಷಮೆಗೆ ಅರ್ಹರಾದವರು ಈ ವೃತ್ತಿಯಲ್ಲಿ ಇದ್ದರು, ಈಗಲೂ ಇದ್ದಾರೆ. ಗಿಡಮೂಲಿಕೆ ಬಲ್ಲ ಮುದುಕನನ್ನು ಜೈಲಿಗೆ ಕಳಿಸುವುದರಿಂದ ಯಾರಿಗೂ ಉಪಕಾರವಿಲ್ಲ. ಸಿರಿಂಜು ಹಿಡಿದವನ ಲೆಕ್ಕ ಬೇರೆ. ವೈದ್ಯರ ಬರವಿದ್ದ ಕಾಲದ ರಿಯಾಯಿತಿಯನ್ನು ಅವನಿಗೆ ಕೊಡುವುದೆಂದರೆ ಅದರ ಬೆಲೆಯನ್ನು ರೋಗಿಯಿಂದ ವಸೂಲು ಮಾಡಿದಂತೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನೋಂದಣಿಯ ಆಧಾರದ ಮೇಲಾದರೂ ಒಂದು ಭೇದವನ್ನು ಕೊನೆಗೂ ಮಾಡಿದೆ: ಚಿಕಿತ್ಸೆಯಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ನೋಂದಾಯಿತ ವೈದ್ಯನಿಗೆ ಎರಡು ವರ್ಷದವರೆಗೆ ಸಜೆ, ನೋಂದಣಿ ಇಲ್ಲದವನಿಗೆ ಐದು ವರ್ಷದವರೆಗೆ.