ಮುಪ್ಪಿನವರ ಪೋಷಣೆಯೂ ಕಿರಿಯ ಸೋದರಿಯರ ಸಂಘವೂ

ಕೋಲಾರ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ಣಾಟಿಕದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ವೀರಗಲ್ಲುಗಳೂ ದತ್ತಿಶಾಸನಗಳೂ ಅದರಲ್ಲಿ ಅಡಕವಾಗಿವೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಕೊಡಗೆಯೆಂದು ಭೂಮಿಯನ್ನು ಬಿಡುವ ಪದ್ಧತಿ ಕನ್ನಡನಾಡಿನಲ್ಲಿ ಬಹುಕಾಲ ನಡೆದುಬಂದಿತು. ದುಡಿಯುವ ಮಗನು ಸತ್ತರೂ ನೆಲವು ಮನೆಯಲ್ಲಿ ಉಳಿಯುತ್ತಿದ್ದಿತು. ನೆಲವಿರುವವರೆಗೆ ಮುದಿ ತಂದೆತಾಯಿಗಳಿಗೆ ಒಂದು ಹಿಡಿ ರಾಗಿಯ ಆಸರೆಯೂ ಇದ್ದಿತು. ದಾರಿಹೋಕನಿಗೆ ಛತ್ರ, ವಿರಕ್ತನಿಗೆ ಮಠ, ಮುಪ್ಪಿನವನಿಗೆ ಮನೆ: ಇದು ಪೂರ್ವಕಾಲದ ವ್ಯವಸ್ಥೆಯ ಸ್ಥೂಲರೂಪ. ನೆಲವೂ ಇಲ್ಲದ, ಮಕ್ಕಳೂ ಇಲ್ಲದ ವೃದ್ಧರ ಗತಿಯೇನು ಎಂಬ ಪ್ರಶ್ನೆಗೆ ಈ ವ್ಯವಸ್ಥೆಯಲ್ಲಿ ನಿಶ್ಚಿತವಾದ ಉತ್ತರವಿರಲಿಲ್ಲ. ಊರವರ ದಯೆಯೇ ಅವರಿಗೆ ದಿಕ್ಕಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಉಗ್ರವಾಯಿತು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿನವರೆಗೆ ರೈಲುದಾರಿ ತೆರೆದು, ಮಾಲೂರಿನ ಮೇಲೆ ಬಂಡಿಗಳು ಓಡತೊಡಗಿದವು. ೧೮೭೬-೭೮ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಒಕ್ಕಲುಗಳು ಅಸಂಖ್ಯವಾಗಿ ಅಳಿದುಹೋದವು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೋಲಾರದ ಚಿನ್ನದ ಗಣಿಗಳ ಕೆಲಸಕ್ಕೆ ಕೈಹಾಕಿದರು. ತಮಿಳು ತೆಲುಗು ಸೀಮೆಗಳ ಕೂಲಿಕಾರರು ಸಾವಿರಾರು ಮಂದಿ ಬಂದು ಗಣಿಯ ಲೈನುಗಳಲ್ಲಿ ನೆಲಸಿದರು. ಕೂಲಿಯವನಿಗೆ ನೆತ್ತರುಕೊಡಗೆಯ ಹೊಲವಿಲ್ಲ. ತೋಳಿನ ಶಕ್ತಿ ಉಡುಗಿದ ದಿನವೇ ಅವನ ಸಂಪಾದನೆಯೂ ಮುಗಿಯುವುದು. ನೆಲವನ್ನು ಬಿಟ್ಟು ಕೂಲಿಯನ್ನು ನಂಬಿದ ಬಾಳಿನಲ್ಲಿ ಮುಪ್ಪು ಎಂಬುದು ಹೊಸದೊಂದು ದಾರಿದ್ರ್ಯವಾಗಿ ಪರಿಣಮಿಸಿತು.

ಇದೇ ಬಗೆಯ ದಾರಿದ್ರ್ಯವು ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಡಲ ಕರೆಯಲ್ಲಿ ಮೊದಲೇ ತಲೆದೋರಿದ್ದಿತು. ಅಲ್ಲಿ ಗಂಡಸರು ಮೀನು ಹಿಡಿಯಲು ದೂರದ ಸಮುದ್ರಕ್ಕೆ ಹೋಗುವರು; ಹಿಂದಿರುಗದವರ ಮನೆಯ ಮುದುಕಿಯರು ಬೀದಿಯಲ್ಲಿ ತಿರಿದು ಉಣ್ಣುವರು. ಕಾಂಕಾಲ್ ಎಂಬ ಊರಿನಲ್ಲಿ ೧೭೯೨ನೆಯ ಅಕ್ಟೋಬರ್ ೨೫ರಂದು ಹುಟ್ಟಿದ ಜಾನ್ ಜುಗಾನಳು ಇಂತಹ ಮನೆಯ ಮಗಳು. ಅವಳು ನಾಲ್ಕು ವರ್ಷದವಳಾಗಿದ್ದಾಗಲೇ ತಂದೆ ಕಡಲಿನ ಪಾಲಾದನು. ಅವಳು ಶ್ರೀಮಂತರ ಅಡಿಗೆಮನೆಯಲ್ಲಿ ಊಳಿಗ ಮಾಡಿದಳು. ಬಳಿಕ ಸೇಂತ್ ಸೆರ್ವಾನ್ ಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿದಳು. ೧೮೩೯ರ ಚಳಿಗಾಲದಲ್ಲಿ, ಕಣ್ಣು ಕಾಣದ, ಅರೆಮೈ ಸ್ವಾಧೀನ ತಪ್ಪಿದ ಒಬ್ಬ ಅನಾಥ ವಿಧವೆಯನ್ನು ತನ್ನ ಬಿಡಾರಕ್ಕೆ ಕರೆತಂದು, ತನ್ನ ಹಾಸಿಗೆಯನ್ನು ಆಕೆಗೆ ಬಿಟ್ಟುಕೊಟ್ಟು, ತಾನು ಅಟ್ಟದ ಮೇಲೆ ಮಲಗಿದಳು. ಕಿರಿಯ ಸೋದರಿಯರ ಸಂಘದ ಚರಿತ್ರೆಯು ಆ ಒಂದು ಹಾಸಿಗೆಯಿಂದ ಮೊದಲಾಗುತ್ತದೆ.

ಮುದುಕಿಯರ ಸಂಖ್ಯೆ ಬೆಳೆಯಿತು. ಅವರನ್ನು ಸಾಕಲು ಹಣವಿರಲಿಲ್ಲ. ಅವರು ಹಿಂದೆ ಯಾವ ಯಾವ ಮನೆಗಳಲ್ಲಿ ತಿರಿಯುತ್ತಿದ್ದರೋ ಆ ಮನೆಗಳಿಗೆ ಜಾನಳು ತಾನೇ ಬುಟ್ಟಿ ಹಿಡಿದು ಹೋದಳು. ಮುಪ್ಪಿನವರ ತಿರುಪೆಯನ್ನು ತಾನು ಕೈಕೊಂಡು, ಅವರನ್ನು ಆ ಅವಮಾನದಿಂದ ಬಿಡಿಸಿದಳು. ಇದು ಸಂಘದ ಸ್ಥಿರವಾದ ಆಚಾರವಾಯಿತು. ೧೮೬೫ರಲ್ಲಿ, ಶಾಶ್ವತವಾದ ವರಮಾನವನ್ನು ಸ್ವೀಕರಿಸಬಹುದೇ ಎಂಬ ಜಿಜ್ಞಾಸೆ ಬಂದಾಗ, ಕೂಡದೆಂದು ನಿರ್ಣಯವಾಯಿತು. ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆಗಳೆಂಬ ಮೂರು ವ್ರತಗಳ ಜೊತೆಗೆ ಅತಿಥಿಸತ್ಕಾರವೆಂಬ ನಾಲ್ಕನೆಯ ವ್ರತವನ್ನೂ ಈ ಸೋದರಿಯರು ತೊಡುತ್ತಾರೆ.

ಕನ್ನಡಿಗರಿಗೆ ಈ ಬುಟ್ಟಿ ಅಪರಿಚಿತವಾದುದಲ್ಲ. ಹದಿನೈದನೆಯ ಶತಮಾನದ ಶ್ರೀಪಾದರಾಜರ ಬೃಂದಾವನವು ಮುಳಬಾಗಿಲ ಬಳಿಯ ನರಸಿಂಹತೀರ್ಥದಲ್ಲಿದೆ. ಅವರ ಪರಂಪರೆಯ ಹರಿದಾಸರು ಗೋಪಾಳಬುಟ್ಟಿಯನ್ನು ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಎರಡಕ್ಕೂ ಭೇದವುಂಟು. ದಾಸರ ಭಿಕ್ಷೆಯಲ್ಲಿ ಪ್ರಧಾನವಾದುದು ಭಿಕ್ಷುವಿನ ನಿರಹಂಕಾರ. ಸೋದರಿಯರ ಭಿಕ್ಷೆಯಲ್ಲಿ ಅದರೊಡನೆ ಪರರ ಹಸಿವೂ ಸೇರಿದೆ. ಈ ಅಂಶದಲ್ಲಿ ಅದು ಶಿವಶರಣರ ದಾಸೋಹಕ್ಕೆ ಹತ್ತಿರವಾಗುತ್ತದೆ. ಆದರೆ ಶರಣರು ತಮ್ಮ ಕಾಯಕದ ಫಲವನ್ನು ದಾಸೋಹಕ್ಕೆ ಅರ್ಪಿಸಿದರು. ಸೋದರಿಯರಿಗೆ ಬೇಡುವುದೇ ಕಾಯಕವಾಯಿತು.

ಸಂಘದ ಚರಿತ್ರೆಯಲ್ಲಿ ಒಂದು ವಿಷಾದಕರವಾದ ಅಧ್ಯಾಯವುಂಟು. ೧೮೪೩ರ ಡಿಸೆಂಬರಿನಲ್ಲಿ ಜಾನಳು ಹಿರಿಯಳಾಗಿ ಪುನಃ ಚುನಾಯಿತಳಾದಳು. ಆದರೆ ಲ ಪಾಯೂರ್ ಎಂಬ ಪಾದ್ರಿಯು ಆ ಚುನಾವಣೆಯನ್ನು ರದ್ದುಮಾಡಿ, ಮಾರಿ ಜಾಮೆ ಎಂಬ ತರುಣಿಯನ್ನು ಆ ಸ್ಥಾನದಲ್ಲಿ ನಿಲ್ಲಿಸಿದನು. ಕ್ರಮೇಣ ತಾನೇ ಸಂಸ್ಥಾಪಕನೆಂದು ಪ್ರಸಿದ್ಧಿಪಡಿಸಿಕೊಂಡನು. ೧೮೫೨ರಲ್ಲಿ ಜಾನಳನ್ನು ಭಿಕ್ಷಾಟನೆಯಿಂದಲೂ ಬಿಡಿಸಿ ಮೂಲಮಠಕ್ಕೆ ಕರೆಸಲಾಯಿತು. ಅಲ್ಲಿ ಇಪ್ಪತ್ತೇಳು ವರ್ಷ ಅಜ್ಞಾತವಾಸದಲ್ಲಿದ್ದು ೧೮೭೯ನೆಯ ಆಗಸ್ಟ್ ೨೯ರಂದು ಅವಳು ತೀರಿಕೊಂಡಳು. ಆ ವರ್ಷವೇ ಹದಿಮೂರನೆಯ ಲಿಯೋ ಪೋಪರು ಸಂಘದ ನಿಯಮಾವಳಿಗೆ ಅನುಮೋದನೆ ಕೊಟ್ಟಿದ್ದರು. ಸೋದರಿಯರ ಸಂಖ್ಯೆ ಸುಮಾರು ೨,೪೦೦ಕ್ಕೆ ಏರಿದ್ದಿತು. ಅವರಲ್ಲಿ ಅನೇಕರಿಗೆ ತಮ್ಮ ನಡುವಿದ್ದ ಮುದುಕಿಯೇ ಮೂಲಪುರುಷಳೆಂಬುದು ತಿಳಿದಿರಲಿಲ್ಲ.

ಸತ್ಯವನ್ನು ಉಳಿಸಿದುದು ಒಂದು ಬರಹ. ಸೇಂತ್ ಸೆರ್ವಾನಿನ ಪುರಪ್ರಮುಖರು ಜಾನಳ ಸೇವೆಯನ್ನು ವಿವರಿಸಿ ಫ್ರೆಂಚ್ ಅಕಾಡೆಮಿಗೆ ಒಂದು ವಿಜ್ಞಾಪನೆಯನ್ನು ಕಳುಹಿಸಿದ್ದರು. ೧೮೪೫ರಲ್ಲಿ ಅಕಾಡೆಮಿಯು ಅವಳಿಗೆ ೩,೦೦೦ ಫ್ರಾಂಕುಗಳ ಮೋಂತಿಯೋ ಬಹುಮಾನವನ್ನಿತ್ತಿತು. ಮಠದ ಹೇಳಿಕೆಗಿಂತ ಪೂರ್ವಕಾಲದ, ಮಠಕ್ಕೆ ಹೊರಗಿನವರ ಈ ಸಾಕ್ಷ್ಯವನ್ನು ಅಳಿಸುವುದು ಸಾಧ್ಯವಾಗಲಿಲ್ಲ. ೧೮೯೦ರಲ್ಲಿ ಲ ಪಾಯೂರನು ರೋಮಿಗೆ ಕರೆಸಲ್ಪಟ್ಟು ಅಧಿಕಾರವನ್ನು ಕಳೆದುಕೊಂಡನು. ಜಾನಳನ್ನು ೧೯೮೨ರಲ್ಲಿ ಧನ್ಯಳೆಂದೂ ೨೦೦೯ನೆಯ ಅಕ್ಟೋಬರ್ ೧೧ರಂದು ಸಂತಳೆಂದೂ ಘೋಷಿಸಲಾಯಿತು. ತಾಮ್ರಪಟಗಳ ಸತ್ಯಾಸತ್ಯಗಳನ್ನು ಸಮಕಾಲೀನ ಶಿಲಾಲೇಖಗಳಿಂದ ನಿರ್ಣಯಿಸುವ ವಿದ್ವಾಂಸರಿಗೆ ಈ ಪ್ರಸಂಗದ ಬೆಲೆ ಸುಲಭವಾಗಿ ತಿಳಿಯುವುದು.

ಇಂಡಿಯಾದಲ್ಲಿ ಸೋದರಿಯರ ಮೊದಲ ಮನೆ ೧೮೮೨ರಲ್ಲಿ ಕಲ್ಕತ್ತೆಯಲ್ಲಿ ಏರ್ಪಟ್ಟಿತು. ೧೯೦೦ರಲ್ಲಿ ಅವರು ಬೆಂಗಳೂರಿಗೆ ಬಂದರು; ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮ ನೆಲೆಗೊಂಡಿತು. ಆಗ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಲ್ಲಿದ್ದಿತು. ೧೮೯೮ರ ಪ್ಲೇಗಿನ ಹಾವಳಿ ಪಟ್ಟಣವನ್ನು ಆಗತಾನೆ ತಲ್ಲಣಗೊಳಿಸಿದ್ದಿತು. ಕ್ರೈಸ್ತಸಭೆಯ ಆಡಳಿತದಲ್ಲಿ ಬೆಂಗಳೂರೂ ಕೋಲಾರವೂ ಮೊದಲು ಮೈಸೂರು ಧರ್ಮಪ್ರಾಂತಕ್ಕೆ ಸೇರಿದ್ದವು. ೧೯೪೦ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾದ ಮೇಲೆ ಕೋಲಾರವು ಅದರೊಡನೆ ಹೋಯಿತು. ಅರವತ್ತು ವರ್ಷ ಮೀರಿದ ನಿರ್ಗತಿಕರನ್ನು ಜಾತಿಮತಗಳ ಭೇದವೆಣಿಸದೆ ಸೇರಿಸಿಕೊಳ್ಳುವುದು ಸಂಘದ ನಿಯಮ.

ಇಂತಹ ಮನೆಗಳಿಂದ ಮಕ್ಕಳ ಧರ್ಮವು ಸಡಿಲವಾಗುವುದೆಂಬ ಆಕ್ಷೇಪಣೆಯುಂಟು. ಇದು ಅಲಕ್ಷಿಸತಕ್ಕದ್ದಲ್ಲ. ಶ್ರವಣಕುಮಾರನ ಕಥೆಯನ್ನು ಕೇಳಿ ಬೆಳೆದ ಜನಕ್ಕೆ ವೃದ್ಧಾಶ್ರಮವೆಂಬ ಮಾತೇ ಕಿವಿಗೆ ಒರಟಾಗಿರುವುದು ಸಹಜ. ತಂದೆತಾಯಿಗಳನ್ನು ಸಾಕುವುದು ಮಕ್ಕಳ ಕರ್ತವ್ಯವೆಂದು ೨೦೦೭ರ ಶಾಸನವು ವಿಧಿಸಬೇಕಾಗಿ ಬಂದುದು ಆ ಧರ್ಮವು ಎಷ್ಟರಮಟ್ಟಿಗೆ ಸಡಿಲವಾಗಿದೆಯೆಂಬುದಕ್ಕೆ ಸಾಕ್ಷಿ. ಆದರೆ ಕಾಲಕ್ರಮವನ್ನು ಗಮನಿಸಿದರೆ ಕಾರಣವೂ ಕಾರ್ಯವೂ ಬೇರ್ಪಡುತ್ತವೆ. ಬ್ರಿಟನಿಯಲ್ಲಿ ಮುದುಕಿಯರು ಬೀದಿಗೆ ಬಿದ್ದ ಬಳಿಕ ಜಾನಳ ಬಾಗಿಲು ತೆರೆಯಿತು. ಮಕ್ಕಳಿರುವವರಿಗೆ ಶಾಸನವು ನೆರವಾಗಬಹುದು. ಮಕ್ಕಳೇ ಇಲ್ಲದವರಿಗೆ, ಅಥವಾ ಮಕ್ಕಳೂ ತಿರಿದುಣ್ಣುವವರಾಗಿರುವವರಿಗೆ, ಅದರಿಂದ ದೊರೆಯುವುದು ಸ್ವಲ್ಪ.

ಕೋಲಾರದ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದುವು. ನೂರಿಪ್ಪತ್ತು ವರ್ಷಗಳ ಆ ಉದ್ಯಮವು ಬಿಟ್ಟುಹೋದುದರಲ್ಲಿ ಸೈನೈಡ್ ಮಣ್ಣಿನ ದಿಬ್ಬಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಮುಪ್ಪಾದ ಕೆಲಸಗಾರರು ಅಷ್ಟಾಗಿ ಬೀಳುವುದಿಲ್ಲ. ವೀರನ ಮನೆಯವರಿಗೆ ಊರು ನೆಲ ಬಿಟ್ಟುದು ಅವನಿಂದ ಪಡೆದ ರಕ್ಷಣೆಯ ಋಣವನ್ನು ತೀರಿಸಲೆಂದು. ದುಡಿದು ದಣಿದವರ ಋಣವೂ ಅದೇ ಜಾತಿಯದು. ನೆತ್ತರುಕೊಡಗೆಯನ್ನು ಕಲ್ಲಿನಲ್ಲಿ ಬರೆಯಿಸಿದ ನಾಡಿಗೆ ಈ ವಿಚಾರವು ಹೊರಗಿನಿಂದ ಬರಬೇಕಾದುದಲ್ಲ. ಅದನ್ನು ನಿತ್ಯವೂ ನಡೆಯಿಸುವ ಒಂದು ಕ್ರಮವನ್ನು ಮಾತ್ರ ಕಾಂಕಾಲಿನ ಬೆಸ್ತನ ಮಗಳ ಬುಟ್ಟಿಯು ತೋರಿಸಿಕೊಟ್ಟಿದೆ.