ಒಲಿಂಪಿಯಾಡ್‌ಗೆ ಯಾರು ಅರ್ಹರು?

ಅಂತಾರಾಷ್ಟ್ರೀಯ ಭೌತವಿಜ್ಞಾನ ಒಲಿಂಪಿಯಾಡ್ ಮೊದಲು ನಡೆದುದು 1967ರಲ್ಲಿ, ಪೋಲೆಂಡಿನ ವಾರ್ಸಾ ನಗರದಲ್ಲಿ. ಬಂದಿದ್ದ ದೇಶಗಳು ಐದೇ: ಪೋಲೆಂಡ್, ಹಂಗೆರಿ, ಜೆಕೊಸ್ಲೊವಾಕಿಯ, ರುಮೇನಿಯ, ಬಲ್ಗೇರಿಯ. ಭಾರತದ ತಂಡ ಮೊದಲ ಬಾರಿ ಹೋದುದು 1998ರಲ್ಲಿ, ಐಸ್‌ಲೆಂಡಿಗೆ.

ಸ್ಪರ್ಧಿಯ ವಯಸ್ಸು ಆ ವರ್ಷದ ಜೂನ್ 30ಕ್ಕೆ 20 ಮೀರಿರಬಾರದು. ಶಾಲಾ ವ್ಯಾಸಂಗವನ್ನು ಅದೇ ವರ್ಷ ಮುಗಿಸಿದವರೂ ಭಾಗವಹಿಸಬಹುದು. ಆದರೆ ವಿಶ್ವವಿದ್ಯಾಲಯದ ವ್ಯಾಸಂಗ ಆರಂಭಿಸಿರಬಾರದು. ಸ್ಪರ್ಧೆ ಸಾಮಾನ್ಯವಾಗಿ ಜುಲೈನಲ್ಲಿ. ನಮ್ಮ ಎರಡನೆಯ ಪಿಯುಸಿ ಮುಗಿಸಿದವರು ಆಗ ಹೊಸ್ತಿಲ ಮೇಲಿರುತ್ತಾರೆ. ಆಸ್ಟ್ರೇಲಿಯದಲ್ಲಿ ಶಾಲಾ ವರ್ಷ ಮುಗಿಯುವುದು ಡಿಸೆಂಬರಿನಲ್ಲಿ. ಜುಲೈ ವೇಳೆಗೆ ಅವರು ಕಾಲೇಜಿನೊಳಗೇ ಇರುತ್ತಾರೆ. ಒಂದೇ ನಿಯಮ, ಎರಡು ಫಲ!

ವಯಸ್ಸಿಗೆ ಜನನ ಪತ್ರವಿದೆ. ವ್ಯಾಸಂಗ ಆರಂಭವಾಗಿಲ್ಲವೆಂಬುದಕ್ಕೆ ಕಳುಹಿಸುವವರ ಮಾತೇ ಮುಖ್ಯ ಆಧಾರ. ಪ್ರಶ್ನೆಗಳನ್ನು ಮುಂಚಿತವಾಗಿ ನೋಡಿ ತಮ್ಮ ಭಾಷೆಗೆ ಅನುವಾದಿಸುವವರೂ ತಂಡದ ನಾಯಕರೇ. ಆ ಹೊತ್ತಿನಲ್ಲಿ ವಿದ್ಯಾರ್ಥಿಗಳನ್ನು ಅವರಿಂದ ದೂರ ಇಡುತ್ತಾರೆ, ನಿಜ. ಆದರೂ ಇಡೀ ವ್ಯವಸ್ಥೆ ನಿಂತಿರುವುದು ನಂಬಿಕೆಯ ಮೇಲೆ.

ನಾನೂ ಒಮ್ಮೆ ಆ ನಂಬಿಕೆ ಕೆಡಿಸಿದ್ದೇನೆ. ಪಿಯುಸಿ ವಿದ್ಯಾರ್ಥಿಗಳ ರಸಪ್ರಶ್ನೆ ಸ್ಪರ್ಧೆಯೊಂದರ ಅರ್ಜಿಗೆ ಓದದೆಯೇ ಸಹಿ ಹಾಕಿದ್ದೆ. ತಂಡದಲ್ಲಿದ್ದ ಒಬ್ಬ ಹುಡುಗ ಆಗಲೇ ಬಿ.ಎಸ್‌ಸಿ. ಸೇರಿದ್ದ. ತಂಡ ಗೆದ್ದಿತು. ಮೂರನೆಯ ದಿನ ಅವನೇ ಬಂದು, "ಸರ್, ಫಲಕ ಹಿಂದಿರುಗಿಸೋಣ" ಎಂದ. ಪತ್ರ ಬರೆದು ಕಳುಹಿಸಿದೆವು. ಎರಡನೆಯ ಸ್ಥಾನದ ತಂಡಕ್ಕೆ ಫಲಕ ತಲುಪಿತು. ಸಭೆಯ ಚಪ್ಪಾಳೆ ಮಾತ್ರ ತಲುಪಲಿಲ್ಲ.